ಅತ್ತೆಯ ಮಂಡಿಗೆ ತಂದ ಮಿಶಿನ್

ಓಡುತ್ತಿರುವ ಮೋಟಾರಿನ ಮೇಲೆ ನನ್ನ ಗಂಡ ಅಂಗೈ ಇಟ್ಟರೆ ಸಾಕು, ಬೇರಿಂಗ್ ಸವೆದಿದೆಯೋ, ಶಾಫ್ಟ್ ಸೊಟ್ಟಗಾಗಿದೆಯೋ, ಇನ್ನು ತಿಂಗಳೊಪ್ಪತ್ತಿನಲ್ಲಿ ಕಾಯಿಲ್ ಸುಟ್ಟುಹೋಗುತ್ತದೋ, ಎಲ್ಲ ಹೇಳಿಬಿಡುತ್ತಿದ್ದರು. ಶ್ರೀನಿವಾಸಪುರದಲ್ಲಿ ನಮ್ಮ ಮನೆಯ ಮುಂಭಾಗವೇ ಅವರ ವೈಂಡಿಂಗ್ ಅಂಗಡಿ. ಯಲ್ದೂರಿನ ಮಾವಿನ ತೋಪಿನವರು ಎತ್ತಿನ ಗಾಡಿಯಲ್ಲಿ ಪಂಪ್‌ಸೆಟ್ ಹೇರಿಕೊಂಡು ಬಂದು, ಅವರ ಕೈ ಸೋಕಿದರೆ ಸಾಕು ಎಂದು ಹೊಗಳುತ್ತಿದ್ದರು. ನಾನು ಒಳಗೆ ಅನ್ನ ಬಸಿಯುತ್ತಾ ಅದನ್ನು ಕೇಳಿಸಿಕೊಂಡು ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಆ ಕೈ ಹನ್ನೊಂದು ವರ್ಷ ನನ್ನ ಮೈಮೇಲೂ ಆಡಿತ್ತು. ಅದಕ್ಕೆ ಏನೂ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ ಎನ್ನುವುದು ಬೇರೆ ಮಾತು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಟೇಕಲ್ ಕಡೆಯಿಂದ ಮದುವೆಯಾಗಿ ಆ ಮನೆಗೆ ಬಂದೆ. ಮಿಡ್ಲ್ ಸ್ಕೂಲಿನಲ್ಲಿ ಮೇಡಂ ಆಗಿದ್ದೆ, ಏಳನೇ ತರಗತಿಗೆ ವಿಜ್ಞಾನ ಹೇಳುತ್ತಿದ್ದೆ. ಮನುಷ್ಯನ ಮೈಯಲ್ಲಿ ಎಷ್ಟು ಮೂಳೆ ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದೆ. ಸಂಜೆ ಸ್ಕೂಲು ಬಿಟ್ಟ ಮೇಲೆ ಅಂಗಡಿಯ ಮೂಲೆಯಲ್ಲಿ ಕೂತು ತಾಮ್ರದ ತಂತಿ ಸುತ್ತುವ ಕೆಲಸವೂ ನನ್ನದೇ. ಸುತ್ತು ಎಣಿಸುವುದರಲ್ಲಿ ಹೆಂಗಸರಷ್ಟು ನಿಗಾ ಗಂಡಸರಿಗಿಲ್ಲ ಎಂದು ಗಂಡ ಬಂದವರಿಗೆಲ್ಲ ಹೇಳುತ್ತಿದ್ದರು. ಹನ್ನೊಂದು ವರ್ಷದಲ್ಲಿ ನನ್ನ ಬಗ್ಗೆ ಅವರು ಆಡಿದ ಒಳ್ಳೆಯ ಮಾತು ಅದೊಂದೇ.

ಎಂಬತ್ತರ ದಶಕ ಅರ್ಧಕ್ಕೆ ಬಂದಿದ್ದಾಗ ಮುಳಬಾಗಿಲಿನಿಂದ ಒಬ್ಬ ಮುದುಕಿ ಬಟ್ಟೆ ಸುತ್ತಿದ ಒಂದು ಪೆಟ್ಟಿಗೆ ಹಿಡಿದು ಬಂದರು. ಅವರದು ಚರ್ಮದ ವ್ಯಾಪಾರದ ಸಾಬರ ಮನೆ, ಅವರ ಬೋರ್‌ವೆಲ್ಲಿನ ಮೋಟಾರೂ ನಮ್ಮಲ್ಲಿಗೇ ಬರುತ್ತಿತ್ತು. ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ವೈಬ್ರೇಟರ್ ಎಂದು ಅಚ್ಚಾಗಿತ್ತು. ಒಳಗೆ ಕೆನೆ ಬಣ್ಣದ, ಹಿಡಿ ಇರುವ ಒಂದು ಸಾಮಾನು, ಜೊತೆಗೆ ತುದಿಗೆ ಸಿಕ್ಕಿಸುವ ನಾಲ್ಕು ರಬ್ಬರಿನ ಟೋಪಿಗಳು.

"ಸೌದಿಯಿಂದ ಮಗ ತಂದ, ಬೇಟಿ, ಮಾಲಿಶ್ ಮಿಶಿನ್ನು, ಸೊಂಟ ನೀವೋದಕ್ಕೆ. ನಮ್ಮ ಪ್ಲಗ್ಗಿಗೆ ಹಾಕ್ದೆ, ಹೊಗೆ ಬಂತು ನೋಡು," ಎಂದರು.

ಅಲ್ಲಿನ ಕರೆಂಟು ಬೇರೆ, ಇಲ್ಲಿಯದು ಬೇರೆ. ಕಾಯಿಲ್ ಕಪ್ಪಾಗಿತ್ತು. ಗಂಡ ಅದನ್ನು ತಿರುಗಿಸಿ ನೋಡಿ, "ಇದೆಲ್ಲ ಆಟದ ಸಾಮಾನು. ಸಣ್ಣ ತಂತಿ, ನೀನೇ ಸುತ್ತು," ಎಂದು ನನ್ನ ಮಡಿಲಿಗೆ ಹಾಕಿದರು.

ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಇತ್ತು. ಯಾವ ಟೋಪಿ ಮೈಯ ಯಾವ ಭಾಗಕ್ಕೆ ಎಂದು ಚಿತ್ರ ಬರೆದು ತೋರಿಸಿದ್ದರು. ಬಟ್ಟಲಿನಂಥದು ಬೆನ್ನಿಗೆ, ಚಪ್ಪಟೆಯದು ಮಂಡಿಗೆ, ಮುಳ್ಳುಮುಳ್ಳಿನದು ತಲೆಗೆ, ನೆಲ್ಲಿಕಾಯಿ ಗಾತ್ರದ ದುಂಡನೆಯದು ಕೆನ್ನೆಗೆ. ಚಿತ್ರದ ಹೆಂಗಸಿಗೆ ಕತ್ತು ಇತ್ತು, ಭುಜ ಇತ್ತು, ಮಂಡಿ, ಪಾದ ಎಲ್ಲ ಇತ್ತು. ಸೊಂಟದಿಂದ ತೊಡೆಯವರೆಗೆ ಮಾತ್ರ ಬಿಳಿ ಕಾಗದ. ಏಳನೇ ತರಗತಿಯ ಪಾಠದ ಪುಸ್ತಕದಲ್ಲೂ ಹಾಗೇ ಇತ್ತು, ನಾನೂ ಹಾಗೇ ಪಾಠ ಮಾಡುತ್ತಿದ್ದೆ.

ಸುತ್ತುವಾಗ ಒಂದು ತಪ್ಪು ಮಾಡಿದೆ. ನಮ್ಮ ಕಡೆ ಎಲ್ಲ ತೋಪಿನಲ್ಲೂ ಪಂಪು ಓಡುವುದರಿಂದ ವೋಲ್ಟೇಜ್ ಸಾಲುವುದಿಲ್ಲ. ಇದ್ದ ಕರೆಂಟಿನಲ್ಲೇ ಎಳೆಯಲಿ ಎಂದು ರೈತರು ಕೇಳುತ್ತಿದ್ದರು, ನಾವು ಸುತ್ತು ಕಡಿಮೆ ಮಾಡಿ ದಪ್ಪ ತಂತಿ ಹಾಕುತ್ತಿದ್ದೆವು. ಕೈಗೆ ಅದೇ ಅಭ್ಯಾಸ. ಮಾಲಿಶ್ ಮಿಶಿನ್ನಿಗೂ ಬೋರ್‌ವೆಲ್ಲಿನ ಲೆಕ್ಕದಲ್ಲೇ ಸುತ್ತಿಬಿಟ್ಟೆ. ಪ್ಲಗ್ಗಿಗೆ ಹಾಕಿದರೆ ಅದು ಬೆಂಚಿನ ಮೇಲೆ ಕುಣಿದು ಕೆಳಗೆ ಬಿತ್ತು. ಭುಜಕ್ಕೆ ಹಿಡಿದರೆ ಹಲ್ಲು ಕಟಕಟ ಎಂದಿತು. ಬಿಚ್ಚಿ, ತಂತಿ ಸಣ್ಣ ಮಾಡಿ, ಸುತ್ತು ಹೆಚ್ಚಿಸಿ ಮತ್ತೆ ಕಟ್ಟಿದೆ. ಈಗ ಸತ್ತಂತಾಯಿತು. ಮೂರನೆಯ ಸಲ ಸರಿಯಾಯಿತು.

ಸರಿಯಾಯಿತು ಎಂದು ಗೊತ್ತಾದದ್ದು ಒಂದು ಶನಿವಾರ. ಬೆಳಗಿನ ಸ್ಕೂಲು ಮುಗಿಸಿ ಬಂದಿದ್ದೆ. ಗಂಡ ತಾಯಲೂರಿಗೆ ಮೋಟಾರು ಇಳಿಸಲು ಹೋಗಿದ್ದರು, ಮಕ್ಕಳಿಬ್ಬರನ್ನು ಕರೆದುಕೊಂಡು ಅತ್ತೆ ತೋಪಿಗೆ ಹೋಗಿದ್ದರು. ಭುಜಕ್ಕೆ ಹಿಡಿದೆ, ಸೊಂಟಕ್ಕೆ ಹಿಡಿದೆ. ಆಮೇಲೆ ಬಾಗಿಲ ಚಿಲಕ ಹಾಕಿ ಬಂದು, ಚೀಟಿಯಲ್ಲಿ ಬಿಳಿ ಕಾಗದವಿದ್ದ ಜಾಗಕ್ಕೆ ಹಿಡಿದೆ. ಚಪ್ಪಟೆಯ ಟೋಪಿ ಮರಗಟ್ಟಿಸಿತು, ಬಟ್ಟಲಿನದು ಏನೂ ಮಾಡಲಿಲ್ಲ. ಕೆನ್ನೆಗೆಂದು ಕೊಟ್ಟಿದ್ದ ಆ ದುಂಡನೆಯದು, ಸೀರೆಯ ಮೇಲಿನಿಂದಲೇ, ಒತ್ತದೆ, ಸುಮ್ಮನೆ ಸೋಕಿಸಿದಂತೆ ಹಿಡಿದಾಗ, ಮೂವತ್ತೊಂದು ವರ್ಷ ನಾನು ಹೊತ್ತುಕೊಂಡು ತಿರುಗಿದ ಈ ಮೈಯಲ್ಲಿ ಏನಿತ್ತು ಎಂದು ತಿಳಿಯಿತು.

ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬಂತು. ಗೋಡೆಗೆ ಒರಗಿ ಕೂತು ಅತ್ತುಬಿಟ್ಟೆ. ಎರಡು ಹೆರಿಗೆ, ಹನ್ನೊಂದು ವರ್ಷ, ಎಷ್ಟು ಸಲ ಕಣ್ಣು ಮುಚ್ಚಿಕೊಂಡು ನಾಳೆಯ ಪಾಠದ ಟಿಪ್ಪಣಿ ಯೋಚಿಸಿದ್ದೆನೋ. ಒಂದು ಕಾಯಿಲ್ಲಿಗೆ ಮೂರು ಸಲ ಬಿಚ್ಚಿ ಸುತ್ತುವ ತಾಳ್ಮೆ ಆ ಮನೆಯಲ್ಲಿ ಎಲ್ಲರಿಗೂ ಇತ್ತು. ನನ್ನ ಮೈಗೆ ಅಷ್ಟು ತಾಳ್ಮೆ ಯಾರೂ ಖರ್ಚು ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಗಂಡನಿಗೆ ಹೇಳಿದೆ. ಹೇಳಿದೆ ಎಂದರೆ, ಮಿಶಿನ್ನಿನ ಮಾತು ಎತ್ತಲಿಲ್ಲ. ಅವರ ಕೈ ಹಿಡಿದು, ಹೀಗಲ್ಲ, ಇಲ್ಲಿ, ಮೆಲ್ಲಗೆ ಎಂದೆ. ಅವರು ಕೈ ಕಿತ್ತುಕೊಂಡರು.

"ಯಾರು ಹೇಳ್ಕೊಟ್ರು ನಿಂಗೆ ಇದೆಲ್ಲ?" ಎಂದರು.

"ಯಾರೂ ಇಲ್ಲ ರೀ."

"ಸ್ಕೂಲಲ್ಲಿ ಎಂಥೆಂಥ ಮೇಷ್ಟ್ರಿದಾರೆ ಅಂತ ನಂಗೊತ್ತಿಲ್ವಾ," ಎಂದು ಅಂಗಿ ಹಾಕಿಕೊಂಡು ಅಂಗಡಿಗೆ ಹೋದರು. ಆಮೇಲೆ ಎರಡು ತಿಂಗಳು ನಾನು ಸ್ಕೂಲಿನಿಂದ ಹತ್ತು ನಿಮಿಷ ತಡವಾಗಿ ಬಂದರೂ ಗಡಿಯಾರ ನೋಡುತ್ತಿದ್ದರು. ಆ ಮಾತನ್ನು ನಾನು ಅವರೊಡನೆ ಮತ್ತೆ ಎತ್ತಲಿಲ್ಲ.

ಮುಳಬಾಗಿಲಿನ ಅಮ್ಮ ಮಿಶಿನ್ ತೆಗೆದುಕೊಂಡು ಹೋಗಲು ಬಂದಾಗ ಕೊಡುವುದಕ್ಕೆ ಹೊಟ್ಟೆ ಉರಿಯಿತು. ಅವರು ಅಲ್ಲೇ ಪ್ಲಗ್ಗಿಗೆ ಹಾಕಿಸಿ, ಸೊಂಟಕ್ಕೆ ಹಿಡಿದು ನೋಡಿ, "ಹೊಸದಾಗಿದ್ದಾಗ್ಲೂ ಇಷ್ಟು ನಯವಾಗಿ ಇರ್ಲಿಲ್ಲ ಬೇಟಿ," ಎಂದರು. ಗಂಡ ಹೊರಗೆ ಕಾಯಿಲ್ಲಿಗೆ ವಾರ್ನಿಷ್ ಬಳಿಯುತ್ತಿದ್ದರು. ನಾನು ದನಿ ತಗ್ಗಿಸಿ, ನನಗೂ ಇಂಥದೊಂದು ಬೇಕು, ಬೆನ್ನು ನೋವು ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು.

"ಕೋಲಾರದಲ್ಲಿ ಡಾಕ್ಟರ್ ಸಾಮಾನಿನ ಅಂಗಡೀಲಿ ಸಿಗ್ತದೆ. ದೊಡ್ಡ ಮೋಟಾರಿಂದು ತಗೋಬೇಡ, ಅದು ಗುದ್ದುತ್ತೆ, ಕೈಯೂ ಸೋಲುತ್ತೆ. ಹಗುರ ಇರೋದು ತಗೋ. ಶಬ್ದ ಕಡಿಮೆ ಇರೋದು. ಅಂಗಡಿಯೋನು ಹೇಳಿದ್ದು ಕೇಳ್ಬೇಡ, ನಿನ್ ಮೈ ಹೇಳಿದ್ದು ಕೇಳು," ಎಂದರು. ನಿನ್ನ ಮೈಯನ್ನು ನಂಬು ಎಂದು ನನಗೆ ಹೇಳಿದವರು ಆಯಸ್ಸಿನಲ್ಲಿ ಆಕೆಯೊಬ್ಬರೇ.

ಏಪ್ರಿಲ್‌ನಲ್ಲಿ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯ ಪೇಪರು ತಿದ್ದಲು ಕೋಲಾರಕ್ಕೆ ಹೋಗಬೇಕಾಯಿತು. ಏನು ಕೊಳ್ಳಬೇಕೆಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಗುದ್ದುವ ಮೋಟಾರಿನದಲ್ಲ, ಮುಳಬಾಗಿಲಿನ ಅಮ್ಮನದರಂತೆ ಕಾಯಿಲ್ಲಿನದು. ಒಂದೇ ಕೈಯಲ್ಲಿ ಹಿಡಿಯುವಷ್ಟು ಹಗುರ. ದುಂಡನೆಯ ಸಣ್ಣ ಟೋಪಿ ಇರಲೇಬೇಕು. ಶಬ್ದ ಸ್ವಲ್ಪ ಬಂದರೂ ಪರವಾಗಿಲ್ಲ, ಹಗಲು ತ್ರೀಫೇಸ್ ಬಂದು ಅಂಗಡಿಯಲ್ಲಿ ಮೋಟಾರು ಓಡಿಸಿ ನೋಡುವಾಗ ನಮ್ಮ ಮನೆಯಲ್ಲಿ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳಿಸುವುದಿಲ್ಲ. ಇಷ್ಟೆಲ್ಲ ತಿಳಿದವಳು ಅಂಗಡಿಯ ಮೆಟ್ಟಿಲು ಹತ್ತಿದೆ. ಗಲ್ಲೆಯಲ್ಲಿ ಕೂತ ಗಂಡಸು ಎರಡೇ ಪ್ರಶ್ನೆ ಕೇಳಿದ.

"ಯಾರಿಗಮ್ಮಾ? ಯಾವ ಜಾಗಕ್ಕೆ?"

ನಾಲಿಗೆ ತನಗೆ ತಾನೇ ಹೊರಳಿತು. "ನಮ್ಮ ಅತ್ತೆಗೆ. ಮಂಡಿಗೆ," ಎಂದೆ.

ಆತ ಗಾಜಿನ ಬೀರುವಿನಿಂದ ಇಟ್ಟಿಗೆ ತೂಕದ ಒಂದನ್ನು ಎತ್ತಿ ಮುಂದಿಟ್ಟ. ವಯಸ್ಸಾದವರ ಮಂಡಿಗೆ ಇದೇ ಸರಿ ಎಂದ. ಪಕ್ಕದಲ್ಲೇ ಹಗುರವಾದದ್ದು, ನನ್ನದು, ಇತ್ತು. ಅದನ್ನು ತೋರಿಸಿ ಎಂದೆ. "ಅದು ಮುಖಕ್ಕೆ ಕಣಮ್ಮಾ, ಅದ್ರಲ್ಲಿ ಮಂಡಿ ನೋವು ಹೋಗಲ್ಲ. ದುಡ್ಡು ದಂಡ," ಎಂದು ನಕ್ಕ. ಹಿಂದೆ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ಅದೇ ಬೇಕು, ನನಗೇ ಬೇಕು ಎಂದು ಹೇಳುವುದಕ್ಕೆ ಎರಡು ಮಾತು ಸಾಕಿತ್ತು. ಎಂಬತ್ತು ಮಕ್ಕಳ ಮುಂದೆ ದಿನವಿಡೀ ಗಂಟಲು ಹರಿದುಕೊಳ್ಳುವವಳಿಗೆ ಆ ಎರಡು ಮಾತು ಬರಲಿಲ್ಲ. ಮಂಡಿಯದನ್ನೇ ಕಟ್ಟಿಸಿಕೊಂಡೆ. ಅದರ ಪೆಟ್ಟಿಗೆಯಲ್ಲೂ ದುಂಡನೆಯ ಟೋಪಿ ಒಂದಿದೆ, ಕಾಯಿಲ್ಲಿನದಲ್ಲದಿದ್ದರೂ ಹೇಗೋ ಆದೀತು ಎಂದು ಸಮಾಧಾನ ಮಾಡಿಕೊಂಡೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಊರಿಂದ ಯಾರೇ ಬಂದರೂ ಚೀಲವನ್ನು ಮೊದಲು ಬಿಚ್ಚುವುದು ಅತ್ತೆ. ಹೂವಿರಲಿ ಹಣ್ಣಿರಲಿ, ಅವರು ಬಿಚ್ಚಿ ಹಂಚಬೇಕು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಪೆಟ್ಟಿಗೆ ಅವರ ತೊಡೆಯ ಮೇಲಿತ್ತು.

"ಏನೇ ಇದು?"

ಅಂಗಡಿಯಲ್ಲಿ ಹೇಳಿ ಬಂದಿದ್ದ ಸುಳ್ಳು ಸಿದ್ಧವಾಗಿತ್ತು. "ನಿಮ್ಮ ಮಂಡಿಗೆ ಅತ್ತೆ," ಎಂದೆ.

ಮುದುಕಿ ಅತ್ತುಬಿಟ್ಟಿತು. ಎದೆ ತುಂಬಿದರೆ ಅವರಿಗೆ ತೆಲುಗೇ ಬರುತ್ತಿತ್ತು. "ನಾ ತಲ್ಲಿ, ನನ್ನ ತಾಯಿ," ಎಂದು ನನ್ನ ಗಲ್ಲ ಹಿಡಿದು, ಹೆತ್ತ ಮಗ ಊರಿಗೆಲ್ಲ ಮೋಟಾರು ಮಾಡಿಕೊಟ್ಟ, ನನ್ನ ಮಂಡಿ ನೋವು ಇವಳ ಕಣ್ಣಿಗೆ ಬಿತ್ತು ನೋಡು ಎಂದರು. ಗಂಡ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ತಿಂಗಳುಗಳ ಮೇಲೆ ಮೊದಲ ಸಲ ನನ್ನ ಕಡೆ ನೋಡಿ ನಕ್ಕರು. ಒಳ್ಳೆಯ ಸೊಸೆ ಎಂಬ ಹೆಸರು ಬೀದಿಗೆಲ್ಲ ಹಬ್ಬಿತು. ನನಗೆ ಆ ಹೆಸರನ್ನು ಎತ್ತಿ ತಿಪ್ಪೆಗೆ ಎಸೆಯಬೇಕು ಅನ್ನಿಸುತ್ತಿತ್ತು.

ಮಿಶಿನ್ ಅತ್ತೆಯ ಟ್ರಂಕು ಸೇರಿತು, ಬೀಗದ ಕೈ ಅವರ ಸೊಂಟ ಸೇರಿತು. ಬೀದಿಯ ಮುದುಕಿಯರೆಲ್ಲ ಮಂಡಿ ಹಿಡಿದುಕೊಂಡು ಬರತೊಡಗಿದರು, ಅತ್ತೆ ಜಗಲಿಯಲ್ಲಿ ಕೂತು ಒಬ್ಬೊಬ್ಬರಿಗೆ ಹಿಡಿಯುತ್ತಿದ್ದರು. ಒಂದು ಸಲ ಬೆನ್ನು ನೋವು, ಸ್ವಲ್ಪ ಕೊಡಿ ಎಂದು ಕೇಳಿದೆ. "ನಿನ್ನ ಕೈ ಬೆನ್ನಿಗೆ ಎಟುಕುತ್ತೇನೇ? ಕೂತ್ಕೋ, ನಾನ್ ಹಿಡೀತೀನಿ," ಎಂದು ಅರ್ಧ ಗಂಟೆ ನನ್ನ ಬೆನ್ನಿಗೆ ಹಿಡಿದರು. ಅವರ ಪ್ರೀತಿ ನಿಜವಾದದ್ದೇ, ಅದೇ ಕಷ್ಟ. ಬೈಯುವುದಕ್ಕೂ ಆಗದೆ, ಕೇಳುವುದಕ್ಕೂ ಆಗದೆ, ನನ್ನ ಸಾಮಾನಿನ ಎದುರಿಗೇ ನಾಲ್ಕು ವರ್ಷ ಕಳೆದೆ.

ಅತ್ತೆ ಹೋದರು. ಹನ್ನೊಂದನೆಯ ದಿನದ ತಿಥಿಗೆ, ಸತ್ತವರು ಇಷ್ಟಪಟ್ಟದ್ದನ್ನೆಲ್ಲ ಅವರ ಫೋಟೋದ ಮುಂದೆ ಎಡೆಯ ಜೊತೆ ಇಡುವುದು ನಮ್ಮಲ್ಲಿ ವಾಡಿಕೆ. ಎಲೆ ಅಡಿಕೆ, ಕೋಳಿ ಸಾರು, ಮುದ್ದೆ, ಹೊಸ ಸೀರೆ ಇಟ್ಟ ಮೇಲೆ ಗಂಡ ಟ್ರಂಕಿನಿಂದ ಮಿಶಿನ್ ತಂದು ಇಟ್ಟರು. ಅದಕ್ಕೂ ಕುಂಕುಮ ಹಚ್ಚಿ, ಹೂ ಮುಡಿಸಿದರು. ನಾನು ಕೈ ಮುಗಿದೆ. ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ.

ಊಟ ಮುಗಿದು, ಸಾಮಾನು ಎತ್ತುವಾಗ, ಮಾಲೂರಿಗೆ ಕೊಟ್ಟಿದ್ದ ನಾದಿನಿ ಮಿಶಿನ್ನನ್ನು ಕೈಗೆತ್ತಿಕೊಂಡಳು. ನನಗಿಂತ ಎರಡು ವರ್ಷ ಚಿಕ್ಕವಳು, ಮೂರು ಮಕ್ಕಳು, ಗಂಡ ಮುಂಗೋಪಿ.

"ಅತ್ಗೆ, ಇದನ್ನ ಅಮ್ಮನ ನೆನಪಿಗೆ ನಾನು ತಗೊಂಡ್ ಹೋಗ್ಲಾ? ನಿಮಗೇನಾದ್ರೂ ಬೇಕಾ?"

ಬೇಕು ಎನ್ನುವುದಕ್ಕೆ ಇದು ಎರಡನೆಯ ಅವಕಾಶ. ಇದು ನಿಮ್ಮಮ್ಮನದಲ್ಲ, ನನಗೆ ಅಂತ ತಂದದ್ದು ಎಂದು ಹೇಳಬಹುದಿತ್ತು. ಹೇಳಿದ್ದರೆ ಮುದುಕಿಯ ಆ ಕಣ್ಣೀರೂ ಸುಳ್ಳಾಗುತ್ತಿತ್ತು. ಗಂಡ ಅಲ್ಲಿಂದಲೇ, "ತಗೊಂಡ್ಹೋಗಮ್ಮ, ಅವಳಿಗ್ಯಾಕೆ," ಎಂದರು. ನಾನು ತಲೆಯಾಡಿಸಿದೆ.

ಒರೆಸಿ, ಕುಂಕುಮ ತೆಗೆದು, ನಾನೇ ಪೆಟ್ಟಿಗೆಗೆ ಹಾಕಿಕೊಟ್ಟೆ. ಅವಳು ಟೋಪಿಗಳನ್ನು ಒಂದೊಂದಾಗಿ ಎತ್ತಿ, ಇದು ಯಾವುದಕ್ಕೆ, ಇದು ಯಾವುದಕ್ಕೆ ಎಂದು ಕೇಳಿದಳು. ಚಪ್ಪಟೆಯದು ಮಂಡಿಗೆ ಎಂದೆ. ಬಟ್ಟಲಿನದು ಬೆನ್ನಿಗೆ ಎಂದೆ. ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಕೊನೆಗೆ ಅವಳು ನೆಲ್ಲಿಕಾಯಿಯಂಥ ಆ ದುಂಡನೆಯದನ್ನು ಎರಡು ಬೆರಳಿನಲ್ಲಿ ಹಿಡಿದು, "ಇದು?" ಎಂದಳು. ನನಗೆ ಮುಳಬಾಗಿಲಿನ ಅಮ್ಮ ನೆನಪಾದರು. ಅವರಂತೆ, ನಿನ್ ಮೈ ಹೇಳಿದ್ದು ಕೇಳು ಎಂದು ಹೇಳುವುದಕ್ಕೆ ಬಾಯಿ ತೆರೆದೆ ಕೂಡ.

"ಅದು ಯಾವುದಕ್ಕೂ ಬರಲ್ಲ," ಎಂದುಬಿಟ್ಟೆ. ಅವಳು ಅದನ್ನು ಪೆಟ್ಟಿಗೆಗೆ ಹಾಕದೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದಳು.