ಸೆರಗಪ್ಪ ಆಡದ ಮಾತುಗಳು

ಭಾನುವಾರ ಬಂತೆಂದರೆ ಹೆಂಗಸರೆಲ್ಲ ಒಲೆ ಬೇಗ ಆರಿಸಿ, ಬೀದಿಗೆಲ್ಲ ಇದ್ದ ಒಂದೇ ಟಿವಿಯ ಮುಂದೆ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದ ಕಾಲ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಟಿವಿಗೆ ಮರದ ಬಾಗಿಲು, ಬಾಗಿಲಿಗೆ ಬೀಗ. ಚಿತ್ರ ಅಲುಗಾಡಿದರೆ ಒಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕು, ಒಳಗಿನವರು ‘ಬಂತು, ಬಂತು, ಓಯ್ತು’ ಎಂದು ಕೂಗಬೇಕು. ಅಂಥ ಒಂದು ಅವರೆಕಾಯಿ ಕಾಲದಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಐದನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮದು ಮಳವಳ್ಳಿ ತಾಲ್ಲೂಕು. ಪೂರಿಗಾಲಿಗೆ ನಡೆದೇ ಹೋಗಬಹುದಾದ ಸಣ್ಣ ಹಳ್ಳಿ. ಟಿವಿ ಇದ್ದದ್ದು ಜಯಕ್ಕನ ಮನೆಯಲ್ಲಿ. ಅವರ ಯಜಮಾನರಿಗೆ ಶಿವನಸಮುದ್ರದ ಕರೆಂಟ್ ಮನೆಯಲ್ಲಿ ಕೆಲಸ. ಕಾರ್ಯಕ್ರಮದ ಮಧ್ಯೆ ಕರೆಂಟು ಹೋದರೆ ಹೆಂಗಸರು ಜಯಕ್ಕನನ್ನೇ ಹಿಡಿದುಕೊಳ್ಳುತ್ತಿದ್ದರು. ಕರೆಂಟು ಮಾಡೋರ ಮನೇಲೇ ಕರೆಂಟಿಲ್ಲ, ನಿನ್ನ ಗಂಡ ಅಲ್ಲಿ ಏನು ಮಾಡ್ತಾನೆ ಎಂದು ರೇಗಿಸುತ್ತಿದ್ದರು. ಜಯಕ್ಕನೂ ಕಡಿಮೆಯವಳಲ್ಲ. ನಿಮ್ಮ ಗಂಡಂದಿರು ಮಾಡಿದ ಬೆಳಕು ಎಲ್ಲಿ ತೋರಿಸಿ ಅನ್ನುತ್ತಿದ್ದಳು.

ಆ ಚಳಿಗಾಲದಲ್ಲಿ ಹೆಂಗಸರು ಕಾಯುತ್ತಿದ್ದದ್ದು ಒಂದು ಹಿಂದಿ ಧಾರಾವಾಹಿಗೆ. ಕಚೇರಿಯ ಗುಮಾಸ್ತನೊಬ್ಬ ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿಕೊಂಡರೆ ಮಹಾ ಬಲಶಾಲಿಯಾಗಿ ಹಾರುತ್ತಿದ್ದ. ಆದರೆ ಎತ್ತರ ಕಂಡರೆ ಅವನಿಗೆ ಭಯ. ಕಣ್ಣು ಮುಚ್ಚಿಕೊಂಡೇ ಹಾರಿ, ಇಳಿಯುವಾಗ ಹಿಟ್ಟಿನ ಗಿರಣಿಯಲ್ಲೋ ಮದುವೆ ಮನೆಯ ಸಾರಿನ ಕೊಳದಪ್ಪಲೆಯಲ್ಲೋ ಬೀಳುತ್ತಿದ್ದ. ಮೊದಲ ವಾರವೇ ಬೀದಿಗೆ ಹಿರಿಯಳಾದ ಕೆಂಪಮ್ಮಜ್ಜಿ ಅವನನ್ನು ಮೇಲಿನಿಂದ ಕೆಳಗೆ ನೋಡಿ, “ಇದ್ಯಾಕಮ್ಮಿ ಈ ಗಂಡಸು ಸೆರಗು ಒದ್ಕಂಡವ್ನೆ?” ಅಂದಳು. ಅಲ್ಲಿಂದ ಅವನ ಹೆಸರು ಸೆರಗಪ್ಪ. ನಮ್ಮ ಬೀದಿಯ ಮಕ್ಕಳೆಲ್ಲ ಅವ್ವಂದಿರ ಹಳೇ ಸೀರೆ ಹರಿದು ಕತ್ತಿಗೆ ಕಟ್ಟಿಕೊಂಡು ಹುಲ್ಲಿನ ಮೆದೆಯಿಂದ ಧುಮುಕಿದ್ದೇ ಧುಮುಕಿದ್ದು.

ಮಕ್ಕಳು ನಗುತ್ತಿದ್ದದ್ದು ಅವನು ಬೀಳುವುದಕ್ಕೆ. ಹೆಂಗಸರು ನಗುತ್ತಿದ್ದದ್ದು ಅದಕ್ಕಲ್ಲ. ಅವರನ್ನು ನಗಿಸುತ್ತಿದ್ದವಳು ನನ್ನ ತಂಗಿ ಸುಧಾ.

ಅಲ್ಲಿ ಕೂತವರಲ್ಲಿ ಯಾರಿಗೂ ಹಿಂದಿ ಬಾರದು. ಸುಧಾ ಆಗ ಆರನೇ ಕ್ಲಾಸು. ನನಗಿಂತ ಎರಡು ವರ್ಷ ಚಿಕ್ಕವಳು. ಸ್ಕೂಲಲ್ಲಿ ಹಿಂದಿ ಓದ್ತೀಯಲ್ಲ, ಅದೇನಂತಾನೆ ಹೇಳು ಎಂದು ಜಯಕ್ಕ ಒಂದು ದಿನ ಅವಳನ್ನು ಎಬ್ಬಿಸಿ ಟಿವಿ ಪಕ್ಕದಲ್ಲಿ ನಿಲ್ಲಿಸಿದಳು. ಆಗ ತಾನೇ ಹಿಂದಿ ಅಕ್ಷರ ಕಲಿಯುತ್ತಿದ್ದ ಹುಡುಗಿ ಅವಳು. ಆದರೂ ಸೆರಗಪ್ಪ ಬಾಯಿ ತೆರೆದ ಕೂಡಲೇ ಶುರು ಮಾಡಿದಳು.

“‘ಇವತ್ತೊಂದಿನ ಆರಾಕಿಲ್ಲ ಕನವ್ವ, ಸೊಂಟ ಇಡ್ಕಂಡದೆ’ ಅಂತಾವ್ನೆ. ಅವ್ರವ್ವ, ‘ಆರೋದು ಆಮೇಲೆ ಆರ್ಲಾ, ಮೊದ್ಲು ಎರಡು ಬಿಂದ್ಗೆ ನೀರು ತತ್ತಾ’ ಅಂತಾವ್ಳೆ.”

ಎಲ್ಲರ ಮಡಿಲಲ್ಲೂ ಅವರೆಬೇಳೆಯ ಪಾತ್ರೆ. ನೆನೆಸಿದ ಕಾಳನ್ನು ಹಿದುಕುತ್ತಲೇ ಟಿವಿ ನೋಡುವುದು ರೂಢಿ. ಅವತ್ತು ನಕ್ಕ ರಭಸಕ್ಕೆ ಬೇಳೆ ನಡುಮನೆ ತುಂಬ ಹಾರಿದವು. ನಮ್ಮವ್ವನ ಪಾತ್ರೆ ಮಗುಚಿಯೇ ಹೋಯಿತು. ನಾನು ಒಂದೊಂದೇ ಬೇಳೆ ಆರಿಸುತ್ತ ತಲೆ ಎತ್ತಿ ನೋಡಿದರೆ ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅವ್ವ ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಅವಳ ಜೊತೆ ಗದ್ದೆಗೆ ಹೋಗಿ, ಸಗಣಿ ಬಾಚಿ, ಮುದ್ದೆ ತೊಳಸುತ್ತಿದ್ದವಳು ನಾನು. ನನ್ನ ಯಾವ ಕೆಲಸಕ್ಕೂ ಅವಳ ಮುಖದಲ್ಲಿ ಆ ನಗು ಬಂದಿರಲಿಲ್ಲ.

ಹೊಟ್ಟೆಕಿಚ್ಚು ಹುಟ್ಟಿದ್ದು ಆ ದಿನ. ಬೆಳೆದಿದ್ದು ಬೇರೆ ಕಾರಣಕ್ಕೆ.

ಹೊಲದಲ್ಲಿ ಹೆಂಗಸರು ಆಡಿದ್ದನ್ನೆಲ್ಲ ಸಂಜೆ ನೀರಿಗೆ ಹೋಗುವಾಗ ನಾನು ಸುಧಾಳಿಗೆ ಹೇಳುತ್ತಿದ್ದೆ. ಯಾರ ಗಂಡ ಕುಡಿದು ಬಂದು ಮೇಕೆಯ ಜೊತೆ ಮಾತಾಡಿದ, ಯಾರಿಗೆ ತವರಿಗೆ ಕಳಿಸಲಿಲ್ಲ, ಯಾರು ಒಂದು ಲೋಟ ಕಾಫಿಗೆ ಎಷ್ಟು ಹೊತ್ತು ಕಾದಳು, ಎಲ್ಲ. ಭಾನುವಾರ ಅದೆಲ್ಲ ವೇಷ ಬದಲಿಸಿ ಟಿವಿಯೊಳಗಿಂದ ಬರುತ್ತಿತ್ತು. ಕಳ್ಳರ ಗುಂಪಿನ ನಾಯಕ ಮೇಕೆಯ ಜೊತೆ ಮಾತಾಡುತ್ತಿದ್ದ. ಸೆರಗಪ್ಪ ಕಣ್ಣು ಮುಚ್ಚಿ ಹಾರುತ್ತ, ಯಾರೋ ಒಬ್ಬಳನ್ನು ತವರಿಗೆ ಬಿಟ್ಟು ಬರಲು ಹೋಗಿ ಅವಳ ನಾದಿನಿಯ ಮನೆ ಮೇಲೆ ಬೀಳುತ್ತಿದ್ದ. ಹೆಂಗಸರಿಗೆ ಹಾರುವ ಗಂಡಸು ದೊಡ್ಡದಾಗಿರಲಿಲ್ಲ. ಕರೆದರೆ ‘ಬಂದೆ ಕನಕ್ಕ’ ಎನ್ನುವ ಗಂಡಸು, ಅಂಥ ಬಲ ಇದ್ದೂ ಅವ್ವನಿಗೆ ಹೆದರಿ ಬಿಂದಿಗೆ ಹೊರುವ ಗಂಡಸು, ಅದು ದೊಡ್ಡದು. ಅಂಥವನು ಆ ಒಂದು ಅರ್ಧ ಗಂಟೆ ಮಾತ್ರ ನಮ್ಮೂರಲ್ಲಿ ಇರುತ್ತಿದ್ದ.

ಹಿಂದಿ ನಿಂಗೆ ಅಷ್ಟು ಬರುತ್ತಾ ಎಂದು ನಾನೊಮ್ಮೆ ಕೇಳಿದೆ. ಬಿಂದಿಗೆ ಸೊಂಟಕ್ಕೇರಿಸಿಕೊಂಡು ಸುಧಾ ನಕ್ಕಳು. “ಇಲ್ಲ ಕನಕ್ಕ. ಅವ್ನು ಬಾಯಿ ಬುಟ್ಟಾಗ ನಾನೂ ಬುಡ್ತೀನಿ. ಅವ್ನು ಮುಚ್ಚಿದಾಗ ಮುಚ್ಕತೀನಿ.”

ಸರಕು ನನ್ನದು, ಅಂಗಡಿ ಅವಳದು. ಅವಳಿಗೆ ಕೂರಲು ಕುರ್ಚಿ, ನನಗೆ ಹೊಸಿಲು. ಅವಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಲು ಮೂರು ಜನ. ಸುಧಾ ಬಂದ್ಲಾ ಎಂದು ಕೇಳುತ್ತಿದ್ದರೇ ಹೊರತು ನಿಂಗಿ ಬಂದ್ಲಾ ಎಂದು ಯಾರೂ ಕೇಳುತ್ತಿರಲಿಲ್ಲ. ನಿಂಗಿ ನಾನು.

ಕೆಂಪಮ್ಮಜ್ಜಿಯ ಸೊಸೆ ಮಾದೇವಿ. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಐದು ತಿಂಗಳ ಬಸುರಿ. ಒಂದು ಬೆಳಗ್ಗೆ ನಾವಿಬ್ಬರೇ ರಾಗಿ ಹೊಲದ ಸಾಲಿನಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆವು. ಇಬ್ಬನಿಗೆ ಬಟ್ಟೆಯೆಲ್ಲ ಒದ್ದೆ, ಕೈಯೆಲ್ಲ ಸೊಗಡು. ಮಾದೇವಕ್ಕ ಎಳೇ ಕಾಯಿ ಸುಲಿದು ಹಸಿಯಾಗಿಯೇ ತಿನ್ನುತ್ತ ನನಗೊಂದು ಮಾತು ಹೇಳಿದಳು. ಅವಳಿಗೆ ಬೆಲ್ಲ ತಿನ್ನುವ ಬಯಕೆಯಂತೆ. ಅತ್ತೆ ಬೆಲ್ಲದ ಗಡಿಗೆಯ ಮೇಲೆ ಬೀಸುವ ಕಲ್ಲಿಟ್ಟಿದ್ದಾಳಂತೆ. ಬಸುರಿ ಅದನ್ನು ಎತ್ತಲಾರಳೆಂದು ಅತ್ತೆಗೆ ಗೊತ್ತು. ಹೇಳಿ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಯಾರಿಗೂ ಹೇಳಬೇಡ ಎಂದು ಕೈಮೇಲೆ ಕೈ ಹಾಕಿಸಿಕೊಂಡಳು. ಸಂಜೆ ನಾನು ಸುಧಾಳಿಗೆ ಹೇಳಿದೆ.

ಆ ಭಾನುವಾರ ಟಿವಿಯಲ್ಲಿ ದಪ್ಪ ಹೆಂಗಸೊಬ್ಬಳು ಬಂಡೆಯ ಮೇಲೆ ಕೂತು ಕೂಗಾಡುತ್ತಿದ್ದಳು. ಯಾಕೆ ಕೂಗುತ್ತಿದ್ದಳೋ ದೇವರಿಗೇ ಗೊತ್ತು. ಸುಧಾ ಅವಳನ್ನು ಬೆಲ್ಲದ ರಾಕ್ಷಸಿ ಮಾಡಿದಳು. ಲೋಕದ ಬೆಲ್ಲವನ್ನೆಲ್ಲ ಅಡಿಗಿಟ್ಟುಕೊಂಡು ಮೇಲೆ ತಾನೇ ಕೂತಿದ್ದಾಳೆ, ಏಳುವ ಹಾಗಿಲ್ಲ, ಉಣ್ಣುವ ಹಾಗಿಲ್ಲ, ಕಾಲು ಜೋಮು ಹಿಡಿದಿದೆ. ಸೆರಗಪ್ಪ ಬಂದು ಕೈ ಮುಗಿಯುತ್ತಾನೆ. “‘ನಿನ್ನ ಬೆಲ್ಲ ಬ್ಯಾಡ ಕನಜ್ಜಿ, ನೀನೇ ಒಸಿ ಎದ್ದು ಕಾಲಾಡ್ಸು, ನೋಡಕ್ಕಾಗಾಕಿಲ್ಲ’ ಅಂತಾವ್ನೆ.”

ಎಲ್ಲರಿಗಿಂತ ಹೆಚ್ಚು ನಕ್ಕವಳು ಕೆಂಪಮ್ಮಜ್ಜಿ. ಮಾದೇವಕ್ಕ ತಲೆ ತಗ್ಗಿಸಿಕೊಂಡು ನಕ್ಕಳು. ಮಾರನೇ ದಿನ ಕೆಂಪಮ್ಮಜ್ಜಿ ತಾನಾಗಿ ಕಲ್ಲು ಎತ್ತಿ ಸೊಸೆಗೆ ಒಂದು ಉಂಡೆ ಬೆಲ್ಲ ಕೊಟ್ಟಳಂತೆ. ಯಾಕೆ ಕೊಟ್ಟಳೋ ಅವಳಿಗೂ ಗೊತ್ತಿತ್ತೋ ಇಲ್ಲವೋ. ಮಾದೇವಕ್ಕ ಅದರಲ್ಲಿ ಒಂದು ಚೂರು ಮುರಿದು, ಎಲೆಯಲ್ಲಿ ಸುತ್ತಿ ತಂದು, ನನ್ನನ್ನು ದಾಟಿ ಹೋಗಿ ಸುಧಾಳ ಬಾಯಿಗೆ ಇಟ್ಟಳು.

ನನ್ನನ್ನು ದಾಟಿ ಹೋದಳು. ಇವತ್ತಿಗೂ ಆ ಹೆಜ್ಜೆ ನನಗೆ ಕಾಣುತ್ತದೆ.

ಎರಡು ದಿನ ಬಿಟ್ಟು ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಪಕ್ಕದ ಕಲ್ಲಿಗೆ ಕೆಂಪಮ್ಮಜ್ಜಿ ಬಂದಳು. ಸುಧಾಳನ್ನು ಹೊಗಳುತ್ತಲೇ ಬಟ್ಟೆ ಕುಕ್ಕಿದಳು. ಆಮೇಲೆ ನನ್ನ ಕಡೆ ತಿರುಗಿ, “ನೀನೂ ಅದೇ ಒಟ್ಟೇಲೆ ಉಟ್ದೋಳಲ್ವಾ? ಬಾಯಲ್ಲಿ ಏನ್ ಇಟ್ಕಂಡಿದ್ದೀಯಮ್ಮಿ, ಮಣ್ಣಾ?” ಅಂದಳು. ತಮಾಷೆಗೆ ಅಂದದ್ದು.

“ಆ ಬೆಲ್ಲದ ರಾಕ್ಸಸಿ ನೀನೇ ಕನಜ್ಜಿ,” ಅಂದೆ.

ಅವಳ ಕೈಯ ಬಟ್ಟೆ ನೀರಲ್ಲಿ ಸ್ವಲ್ಪ ದೂರ ಹೋಯಿತು. ಎಳೆದುಕೊಂಡು ಯಾರು ಅಂದದ್ದು ಎಂದು ಕೇಳಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಮಾದೇವಕ್ಕ ಸುಧಾಳ ಹತ್ತಿರ ಅತ್ತಳಂತೆ, ಕಲ್ಲಿನ ವಿಷಯ ಹೇಳಿದಳಂತೆ, ಸುಧಾ ಅದನ್ನು ಎಲ್ಲರ ಮುಂದೆ ಆಡಿ ನಗಿಸಿದಳು, ಅಷ್ಟೂ ಜನ ನಕ್ಕಿದ್ದು ನಿನ್ನನ್ನೇ ಎಂದೆ. ನನ್ನ ಹೆಸರು ಒಂದು ಕಡೆಯೂ ಬರದಂತೆ ನೋಡಿಕೊಂಡೆ. ಕತೆ ಕಟ್ಟಲು ನನಗೂ ಬರುತ್ತದೆ ಎಂದು ಅವತ್ತೇ ಗೊತ್ತಾಗಿದ್ದು.

ಕೆಂಪಮ್ಮಜ್ಜಿ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ನಮ್ಮ ಜಗಲಿ ಮೇಲೆ ಬಂದು ಕೂತು, ಮೆಲ್ಲಗೆ, ನಾನು ಇಷ್ಟು ವರ್ಷ ಯಾರ ಬಾಯಿಗೂ ಬಿದ್ದವಳಲ್ಲ ಎಂದು ಅವ್ವನಿಗೆ ಹೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಅವ್ವ ಸುಧಾಳನ್ನು ಕರೆದು ಮುಂದೆ ನಿಲ್ಲಿಸಿದಳು.

“ನಮ್ಮ ಮಾದೇವಿ ನಿನ್ ತಾವ ಬಂದು ಯೋಳಿದ್ಲಾ?” ಕೆಂಪಮ್ಮಜ್ಜಿ ಕೇಳಿದಳು.

ಸುಧಾ ನನ್ನ ಕಡೆ ನೋಡಿದಳು. ನಾನು ಕಂಬ ಹಿಡಿದು ನಿಂತಿದ್ದೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಅವಳ ಬಾಯನ್ನೇ ನೋಡುತ್ತಿದ್ದೆ.

“ಊಂ,” ಅಂದಳು ಸುಧಾ.

ಅವ್ವ ಪೊರಕೆ ಎತ್ತಿಕೊಂಡಳು. ಆಮೇಲೆ ಟಿವಿಗೆ ಬರುತ್ತಿದ್ದ ಒಬ್ಬೊಬ್ಬರ ಮನೆಗೂ ಅವಳನ್ನು ಕರೆದುಕೊಂಡು ಹೋಗಿ, ಇಲ್ಲದ ಮಾತು ಇನ್ನು ಆಡುವುದಿಲ್ಲ ಎಂದು ಹೇಳಿಸಿದಳು. ನಾನೂ ಹಿಂದೆ ಹಿಂದೆ ಹೋದೆ. ಎಲ್ಲ ಮನೆಯಲ್ಲೂ ಸುಧಾ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದಳು.

ಮಾದೇವಕ್ಕನನ್ನು ಆ ವಾರವೇ ತವರಿಗೆ ಕಳಿಸಿದರು. ಬಯಕೆ ಊಟವಿಲ್ಲ, ಹೂ ಮುಡಿಸಲಿಲ್ಲ. ಅಣ್ಣ ಬಂದು ಕರೆದುಕೊಂಡು ಹೋದ. ಮಗುವಾದ ಮೇಲೆ ವಾಪಸು ಬಂದಳು, ಸಂಸಾರ ನಡೆಯಿತು, ಅದು ಬೇರೆ. ಆದರೆ ಅವತ್ತು ಬಸ್ಸಿಗೆ ಹೋಗುವ ದಾರಿಯಲ್ಲಿ ನಾನು ಎಮ್ಮೆ ಹೊಡೆದುಕೊಂಡು ಎದುರಿಗೆ ಸಿಕ್ಕಿದೆ. ಅವಳು ನಿಂತಳು. ಬೈಯಲಿಲ್ಲ.

“ನೀನಿನ್ನೂ ಮಗು ಅಂದ್ಕಂಡಿದ್ದೆ ಕನಮ್ಮಿ ನಿಂಗಿ,” ಅಂದಳು, ಅಷ್ಟೇ.

ಮುಂದಿನ ಭಾನುವಾರ ಹೆಂಗಸರು ಬಂದರು. ಸುಧಾ ಹಿಂದೆ ಗೋಡೆಗೆ ಒರಗಿ ಕೂತಳು. ಜಯಕ್ಕ ಕರೆದರೆ ನನಗೆ ಹಿಂದಿ ಬರುವುದಿಲ್ಲ ಎಂದಳು. ಸೆರಗಪ್ಪ ತನ್ನ ಪಾಡಿಗೆ ಹಿಂದಿಯಲ್ಲಿ ಮಾತಾಡಿಕೊಂಡ. ಆಗ ನಾನು ಎದ್ದು ಹೋಗಿ ಟಿವಿ ಪಕ್ಕ ನಿಂತೆ. ನಿಂತು ಒಂದೆರಡು ಮಾತು ಹೇಳಿಯೂ ಬಿಟ್ಟೆ. ಅವ್ವನಿಗೆ ಸೊಂಟ ನೋವು, ನೀರು ತರಬೇಕು ಎಂದು ಏನೋ ಅಂದೆ. ಒಬ್ಬರೂ ನಗಲಿಲ್ಲ. ಅವ್ವ ತಲೆ ಎತ್ತಲೇ ಇಲ್ಲ. “ಕೂತ್ಕಮ್ಮಿ, ಅಡ್ಡ ಆಯ್ತೀಯ,” ಅಂದಳು ಜಯಕ್ಕ. ಅವರೆಕಾಯಿ ಮುಗಿಯುವ ಹೊತ್ತಿಗೆ ಬರುವವರೂ ಕಡಿಮೆಯಾದರು.

ಸುಧಾ ಚೆನ್ನಾಗಿ ಓದಿದಳು. ಈಗ ಮಂಡ್ಯದಲ್ಲಿ ಕಚೇರಿ ಕೆಲಸ. ನನ್ನನ್ನು ಮದ್ದೂರಿಗೆ ಕೊಟ್ಟರು. ನೆಂಟರೆಲ್ಲ ಅವಳನ್ನು ಹೊಗಳುವುದು ಒಂದೇ ಮಾತಿನಲ್ಲಿ, ಸುಧಾ ಅಂದ್ರೆ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆ ಇಲ್ಲ ಎಂದು. ಅದನ್ನು ಕೇಳಿದಾಗಲೆಲ್ಲ ನನಗೆ ಎರಡು ಕಡೆ ಚುಚ್ಚುತ್ತದೆ. ಹೊಗಳಿದ್ದು ನಿಜವಾದ ಸುಧಾಳನ್ನಲ್ಲ, ನಾನು ಬಾಯಿ ಕಟ್ಟಿಸಿದವಳನ್ನು ಎಂದು ಒಂದು ಕಡೆ, ಆದರೂ ನನ್ನನ್ನು ಹೊಗಳಲಿಲ್ಲವಲ್ಲ ಎಂದು ಇನ್ನೊಂದು ಕಡೆ.

ಹೋದ ತಿಂಗಳು ನನ್ನ ಮಗಳು ಫೋನಿನಲ್ಲಿ ಆ ಹಳೇ ಧಾರಾವಾಹಿ ಹುಡುಕಿ ಕೊಟ್ಟಳು. ಎರಡು ಕಂತು ನೋಡಿ, ಇದರಲ್ಲಿ ನಿಮ್ಮ ಊರ ಹೆಂಗಸರು ಏನು ಕಂಡು ನಗುತ್ತಿದ್ದರಮ್ಮ ಎಂದು ಕೇಳಿದಳು. ಅದನ್ನು ಹೇಳಬಲ್ಲವಳು ಸುಧಾ ಒಬ್ಬಳೇ. ಫೋನು ಹಿಡಿದುಕೊಂಡು ಮಂಡ್ಯದ ಬಸ್ಸು ಹತ್ತಿದೆ.

ಸುಧಾಳ ಅಡುಗೆಮನೆಯಲ್ಲಿ ನಿಂತು ಕಾಲುವೆಯ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವಳು ಹಾಲು ಕಾಯಿಸುತ್ತಿದ್ದಳು. ಗೊತ್ತಿತ್ತಲ್ಲಕ್ಕ ಅಂದಳು.

“ಮತ್ತೆ ಊಂ ಅಂತ ಯಾಕಂದೆ?”

“ನಂಗಾದ್ರೆ ಸ್ಕೂಲಿತ್ತು. ನೀನು ದಿನಾ ಆ ಹೆಂಗಸರ ಜೊತೇಲೇ ಹೊಲಕ್ಕೆ ಹೋಗ್ಬೇಕಿತ್ತು.”

ಆ ಹೊತ್ತಲ್ಲೂ ನನಗೆ ಮೊದಲು ಬಂದದ್ದು ಅಳುವಲ್ಲ, ಹೊಟ್ಟೆಕಿಚ್ಚೇ. ತಪ್ಪು ನನ್ನದು, ದೊಡ್ಡತನವೂ ಅವಳದೇ ಆಯಿತಲ್ಲ ಎಂದು. ಅಳು ಬಂದದ್ದು ಆಮೇಲೆ. ಅವ್ವ ತೀರಿಕೊಂಡು ಹತ್ತಿರ ಹತ್ತಿರ ಹತ್ತು ವರ್ಷ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದು ಆ ಒಂದು ಅವರೆಕಾಯಿ ಕಾಲದಲ್ಲಿ, ಲೆಕ್ಕ ಹಾಕಿದರೆ ಏಳೆಂಟು ಭಾನುವಾರ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಇನ್ನೆಷ್ಟು ಭಾನುವಾರ ನಗುತ್ತಿದ್ದಳೋ.

ಕಾಫಿ ಕುಡಿದ ಮೇಲೆ ಫೋನು ತೆಗೆದು ಮುಂದಿಟ್ಟೆ. ಒಂದು ಸಲ ಹೇಳು ಸುಧಾ, ನನಗೊಬ್ಬಳಿಗೆ ಅಂದೆ. ಅವಳು ಕನ್ನಡಕ ಹಾಕಿಕೊಂಡು ಹತ್ತಿರ ಕೂತಳು. ಸೆರಗಪ್ಪ ಬಂದ, ಕೆಂಪು ಬಟ್ಟೆ ಬಿಚ್ಚಿಟ್ಟು ಕಚೇರಿಯೊಳಗೆ ಹೋದ, ಬಾಯಿ ತೆರೆದ. ಸುಧಾಳಿಗೆ ಈಗ ಹಿಂದಿ ಚೆನ್ನಾಗಿ ಬರುತ್ತದೆ.

“‘ಫೈಲು ಮೇಜಿನ ಮೇಲಿದೆ ಸಾರ್’ ಅಂತಾನೆ. ‘ನಾಳೆ ಬೇಗ ಬಾ’ ಅಂತಾರೆ ಸಾಹೇಬರು. ‘ಆಗಲಿ ಸಾರ್’ ಅಂತಾನೆ.”

“ಆಮೇಲೆ?”

“ಆಮೇಲೆ ಏನೂ ಇಲ್ಲಕ್ಕ. ಅಷ್ಟೇ ಅವನು ಅಂದದ್ದು.”

ಅವಳು ಒಂದೂ ತಪ್ಪು ಮಾಡದೆ ಕೊನೆಯವರೆಗೆ ಹೇಳಿದಳು. ನಾನು ಕೊನೆಯವರೆಗೆ ಕೇಳಿದೆ.