ಮೂರು ಪ್ರತಿಗೆ ಮೂರು ಪರದೆ

ದೈವಾನುಗ್ರಹವು ಕೆಲವೊಮ್ಮೆ ಮೇಲಿನ ಮಹಡಿಯಿಂದಲೂ ಇಳಿದು ಬರುತ್ತದೆ. ಪುಣೆಯ ನಮ್ಮ ವಸತಿ ಸೊಸೈಟಿಯಲ್ಲಿ ನನ್ನ ಮೇಲಿನ ಮನೆಯಲ್ಲಿದ್ದ ಬೆಳಗಾವಿಯ ಹೆಣ್ಣುಮಗಳೊಬ್ಬಳು ದಿನವೂ ಹಿಂಜವಾಡಿಯ ಕಂಪ್ಯೂಟರ್ ಕಂಪನಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಯಾವ ಯಂತ್ರವನ್ನು ಕೈಗೆ ಕೊಟ್ಟರೂ ತಿರುಗಿಸಿ ಅದರ ಹಿಂಭಾಗವನ್ನೇ ಮೊದಲು ನೋಡುವಳು. ಏನು ಕೇಳಿದರೂ, “ಮೊದಲ ನಿಮ್ಮ ಕೆಲಸ ತೋರಸ್ರಿ” ಎನ್ನುವಳು.

ನಾನು ಒಂದು ಸ್ತೋತ್ರದ ಮೂರು ಹಸ್ತಪ್ರತಿಗಳನ್ನು ಮೂರು ಮಾನಿಟರುಗಳಲ್ಲಿ ತೆರೆದಿಟ್ಟು, ಹೋಲಿಸಿ ಪಾಠವನ್ನು ಪರಿಷ್ಕರಿಸುತ್ತಿದ್ದೆ. ಪರದೆಗಳನ್ನು ನಡೆಸಲು ಅಂಗಡಿಯವರು ಕೊಟ್ಟ ದೊಡ್ಡ ಗ್ರಾಫಿಕ್ಸ್ ಕಾರ್ಡ್ ನನ್ನ ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆಗೆ ಒಗ್ಗಲಿಲ್ಲ. ಪ್ರತಿ ಅಪ್‌ಡೇಟಿನ ನಂತರ ಎರಡು ಪರದೆಗಳು ಕಪ್ಪಾಗುತ್ತಿದ್ದವು. ಕೊನೆಗೆ ಕೆಲಸವೇ ನಿಂತಿತು.

ಕರೆದಾಗ ಆಕೆ ಇಳಿದು ಬಂದು ಕುಳಿತು, “ಮೊದಲ ನಿಮ್ಮ ಕೆಲಸ ತೋರಸ್ರಿ, ಆಚಾರ್ರ” ಎಂದಳು.

ಉಳಿದ ಒಂದೇ ಪರದೆಯನ್ನು ನೋಡುತ್ತ ನಾನು ಶ್ಲೋಕವನ್ನು ಗಟ್ಟಿಯಾಗಿ ಓದತೊಡಗಿದೆ. ಆಕೆ ಪರದೆಯನ್ನು ನೋಡದೆ ಕಿವಿಗೊಟ್ಟಳು.

“ಇದು ಯುದ್ಧದ ಆಟ ಆಡೋರ ಕಾರ್ಡ್ ರೀ. ಇದರ ಫ್ಯಾನ್ ನಿಮಗಿಂತ ಜೋರ ಪಾರಾಯಣ ಮಾಡ್ಲಿಕತ್ತದ.”

“ಹಂಗಾದ್ರ ಎಂಥಾದು ಬೇಕವ್ವಾ?”

“ಫ್ಯಾನ್ ಇಲ್ಲದ್ದು, ಸಣ್ಣದು. ಅದನ್ನ ನಡಸೋ ಡ್ರೈವರ್ ಸಾಫ್ಟ್‌ವೇರ್ ಲಿನಕ್ಸಿನೊಳಗ ಇರಬೇಕು, ಹಿಂದ ಮೂರು ಮಾನಿಟರಿಗೆ ಜಾಗಾ ಇರಬೇಕು. ಅಷ್ಟ ಸಾಕ್ರಿ.”

ಭಾನುವಾರ ಆಕೆಯೇ ಅಂಥದೊಂದನ್ನು ತಂದು ಕೂಡಿಸಿ, ನನ್ನ ಎದುರಿಗೇ ಅಪ್‌ಡೇಟನ್ನೂ ಮಾಡಿದಳು. ಮೂರೂ ಪರದೆಗಳು ಬೆಳಗಿದವು; ಫ್ಯಾನಿನ ಸದ್ದೂ ಇರಲಿಲ್ಲ. ಒಂದು ಪ್ರತಿಯಲ್ಲಿ ಹುಳು ತಿಂದಿದ್ದ ಶ್ಲೋಕದ ಪಾದವು ಪಕ್ಕದ ಪ್ರತಿಯಲ್ಲಿ ಸ್ಪಷ್ಟವಾಗಿತ್ತು. ನಾನು ಅದೇ ಶ್ಲೋಕವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ.

ಚಪ್ಪಲಿ ಮೆಟ್ಟುತ್ತಿದ್ದ ಆಕೆ ಬಾಗಿಲಲ್ಲೇ ನಿಂತು, “ಇನ್ನೊಂದ ಸಲ ಓದ್ರಿ” ಎಂದಳು.