ರೋಣದ ಹೊಂಡದ ಮೀನಿಗೆ ಉಪ್ಪಿನ ಜಳಕ

ರೋಣ ಇನ್ನೂ ಮುಂಬೈ ಸರಕಾರದ ಕೈಯಲ್ಲಿದ್ದಾಗ, ಅಲ್ಲಿನ ಹೊಂಡದಲ್ಲಿ ಮೀನುಗಾರಿಕೆ ಇಲಾಖೆಯವನಾದ ನಾನು ಸಾಕಿಸಿದ್ದ ಮೀನುಗಳಿಗೆ ಹೇನು ಹತ್ತಿತು. ಊರು ಕುಡಿಯುವ ನೀರು, ಅದಕ್ಕೆ ಔಷಧ ಹಾಕುವಂತಿಲ್ಲ. ಮೀನು ಹಿಡಿದು ಉಪ್ಪುನೀರಿನಲ್ಲಿ ಅದ್ದಬೇಕು. ಆದರೆ ಮೀನು ತಿನ್ನದ ಆ ಊರಿನಲ್ಲಿ ಮೀನಿಗೆಂದರೆ ಪಾತ್ರೆ ಕೊಡುವವರು ಯಾರು?

ನೀರಿಗೆ ಬಂದಿದ್ದ ಗೌಡರ ಮನೆಯ ಅಜ್ಜಿ ಕೇಳಿದಳು, “ಉಪ್ಪಿನ್ಯಾಗ ಅದ್ದಿದ್ರ ಸಾಯೂದಿಲ್ಲೇನ್ರಿ ಸಾಹೇಬ್ರ?”

“ಲಗೂ ತೆಗದ್ರ ಹೇನು ಉದುರ್ತಾವು, ಮೀನು ಉಳೀತಾವ್ರಿ ಅಮ್ಮಾರ.”

ಎತ್ತು ನೀರು ಕುಡಿಯುವ ಕಲ್ಲಿನ ಬಾನಿಯನ್ನೂ ಮನೆಯ ಉಪ್ಪನ್ನೂ ಆಕೆಯೇ ಕೊಟ್ಟಳು. ಹೇನು ಉದುರಿದವು, ಒಂದು ಮೀನೂ ಸಾಯಲಿಲ್ಲ. ನಾನಂತೂ ಹಿಗ್ಗಿ ಹೀರೇಕಾಯಿಯಾದೆ.

“ನಮ್ಮ ಮನಿ ಉಪ್ಪು ಉಂಡಾವ್ರಿ ಇವು. ಇನ್ನ ಕೊಲ್ಲಾಕ ಬಿಡಂಗಿಲ್ಲ,” ಎಂದಳು ಅಜ್ಜಿ. ಊರಿಗೆ ಊರೇ ಹೌದೆಂದಿತು.

ನನ್ನ ಚಿಕಿತ್ಸೆ ಅಷ್ಟು ಚಲೋ ಫಲಿಸಿತು: ಆ ಹೊಂಡದ ಒಂದು ಮೀನೂ ನಮ್ಮ ಇಲಾಖೆಯ ಬಲೆಗೆ ಮತ್ತೆ ಬೀಳಲಿಲ್ಲ.